ಹಾವು ಇಲಿ ಮುಟ್ಟವಲ್ದು ಅಂದ್ರ

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದಾಗ ಚಳಿ ಬಿದ್ದ ಮ್ಯಾಲೆ "ನಮ್ಮ ಬಾಲ್ ಪೈಥಾನ್ (ಮನ್ಯಾಗ ಸಾಕೂ ಆಫ್ರಿಕಾದ ಸಣ್ಣ ಹೆಬ್ಬಾವು) ತಿನ್ನವಲ್ದು" ಅಂತ ಭಾಳ ಮಂದಿ ಕೇಳಾಕತ್ತೀರಿ. ಗಾಬರಿ ಆಗಬ್ಯಾಡ್ರಿ. ಬೆಳೆದು ಮೈ ತುಂಬಿದ ಹಾವು ಚಳಿಗಾಲದಾಗ ಎರಡು-ಮೂರು ತಿಂಗಳು ಉಪವಾಸ ಇದ್ರೂ ತಡಕೊಂತೈತಿ. ಕಣ್ಣು ಹಾಲಿನಂಗ ಮಸುಕಾಗಿದ್ರ ಪೊರಿ ಬಿಡೂ ಹೊತ್ತು. ಬಿಟ್ಟ ಮ್ಯಾಲೆ ಇಲಿ ಕೊಡ್ರಿ.

ಮೊದಲು ಪೆಟ್ಟಿಗಿ ಬಿಸಿ ನೋಡ್ರಿ. ಬೆಚ್ಚನ ಮೂಲಿ 31-32 ಡಿಗ್ರಿ ಇರಬೇಕು. ಹೋದ ಡಿಸೆಂಬರ್‌ದಾಗ ನಮ್ಮದು ಇಲಿ ಹತ್ರ ಬಂದು, ನಾಲಿಗಿ ಆಡಿಸಿ, ತಲಿ ತಿರುವಿ ಗೂಡಿಗೆ ಹೋಗತಿತ್ತು. ನೋಡಿದ್ರ ಕರೆಂಟ್ ಹೋದ ರಾತ್ರಿ ಪೆಟ್ಟಿಗಿ 23ಕ್ಕ ಇಳಿದಿತ್ತು. ಅದನ್ನ ಸರಿ ಮಾಡಿದ ವಾರಕ್ಕ ತಿಂತು.

ವಾರಕ್ಕೊಮ್ಮೆ ತಕ್ಕಡಿಯಾಗ ತೂಗಿ ಬರದಿಡ್ರಿ. 1,500 ಗ್ರಾಂ ಇದ್ದದ್ದು 1,350ಕ್ಕ ಬಂತು, ಬೆನ್ನೆಲುಬು ಎದ್ದು ಕಾಣಾಕತ್ತು, ಬಾಯಿ ತಗದು ಉಸಿರಾಡತೈತಿ, ಮೂಗಿನಾಗ ಗುಳ್ಳಿ ಬರ್ತಾವು ಅಂದ್ರ ಅವತ್ತ ಪಶುವೈದ್ಯರಿಗೆ ತೋರಸ್ರಿ. ಮರಿ ಆದ್ರ ಇಷ್ಟು ದಿನ ಕಾಯಬ್ಯಾಡ್ರಿ, ಮೂರು-ನಾಕು ವಾರ ದಾಟಿದ್ರ ಕೇಳಲೇಬೇಕು. ಬಾಯಾಗ ತುರುಕೂದಂತೂ ಬ್ಯಾಡೇ ಬ್ಯಾಡ, ಹಾವು ಇನ್ನಷ್ಟು ಬೆದರತೈತಿ.

ಹೊಲದಾಗ ಸಿಕ್ಕ ಕೇರೆಹಾವು, ಹೆಬ್ಬಾವು ಸಾಕೂದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅಂಥದ್ದಿದ್ರ ಅರಣ್ಯ ಇಲಾಖೆಗೆ ತಿಳಸ್ರಿ.