ಚಿತ್ರ ನೋಡಿ ಚಿತ್ರ ಬರೆದರೆ ಹೀಗೇ

ಮಾನ್ಯರೇ,

ಕಾಡುಪ್ರಾಣಿಗಳ ಸಚಿತ್ರ ಪುಸ್ತಕಗಳಲ್ಲಿ ಅಕ್ಷರದ ತಪ್ಪು ತಿದ್ದಲು ಜನರಿರುತ್ತಾರೆ, ಚಿತ್ರದ ತಪ್ಪು ಹಾಗೇ ಅಚ್ಚಾಗುತ್ತದೆ. ಒಬ್ಬರ ಚಿತ್ರ ನೋಡಿ ಇನ್ನೊಬ್ಬರು ಬರೆಯುವುದೇ ಇದಕ್ಕೆ ಮೂಲ. 1515ರಲ್ಲಿ ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ತಾನು ಕಣ್ಣಾರೆ ಕಾಣದ ಘೇಂಡಾಮೃಗವನ್ನು ಬೇರೆಯವರ ವರ್ಣನೆ ಮತ್ತು ರೇಖಾಚಿತ್ರ ನೆಚ್ಚಿ ಬರೆದಾಗ ಹೆಗಲ ಮೇಲೆ ಇಲ್ಲದ ಕಿರುಕೊಂಬೊಂದು ಮೂಡಿತು. ಯುರೋಪಿನ ಪುಸ್ತಕಗಳು ಅದನ್ನು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ನಕಲು ಮಾಡಿದವು.

ಪುಸ್ತಕ ಕೊಳ್ಳುವ ಗ್ರಂಥಾಲಯದವರು ಮೊದಲು ಕೊಂಬು ನೋಡಲಿ. ಕಡವೆ, ಚುಕ್ಕೆ ಜಿಂಕೆಗಳ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬೆಳೆಯುತ್ತದೆ, ಗಂಡಿಗಷ್ಟೇ ಇರುತ್ತದೆ. ಕೃಷ್ಣಮೃಗದ್ದು ಕವಲಿಲ್ಲದ ತಿರುಚುಗೊಂಬು, ಉದುರುವುದಿಲ್ಲ. ಪುಟದಲ್ಲಿ ಗಂಡೊಂದೇ ಇದ್ದರೆ ಕೊಂಬಿಲ್ಲದ ಹೆಣ್ಣನ್ನು ಮಕ್ಕಳು ಬೇರೆ ಪ್ರಾಣಿ ಎಂದುಕೊಳ್ಳುತ್ತಾರೆ. ಆಮೇಲೆ ಹೆಜ್ಜೆಗುರುತು. ಹುಲಿ, ಚಿರತೆ ನಡೆಯುವಾಗ ಉಗುರು ಒಳಗಿರುವುದರಿಂದ ಸಾಮಾನ್ಯವಾಗಿ ಅಂಗಾಲು ಮತ್ತು ನಾಲ್ಕು ಬೆರಳಿನ ಗುರುತಷ್ಟೇ ಬೀಳುತ್ತದೆ. ತೋಳ, ಕತ್ತೆಕಿರುಬಗಳದ್ದರಲ್ಲಿ ಉಗುರೂ ಕಾಣುತ್ತದೆ. ಸಿವಂಗಿ (ಚೀತಾ) ಬೆಕ್ಕಿನ ಕುಲದ್ದೇ ಆದರೂ ಅದರ ಉಗುರು ಪೂರ್ತಿ ಮರೆಯಾಗುವುದಿಲ್ಲ, ಹಾಗಾಗಿ ಅದರ ಹೆಜ್ಜೆಯಲ್ಲೂ ಉಗುರಿನ ಗುರುತು ಇರಬೇಕು. ಆನೆಯ ಹಿಂಗಾಲಿನ ಮಂಡಿ ನಮ್ಮದರಂತೆ ಮುಂದಕ್ಕೆ ಬಾಗಿದೆಯೇ ಎಂಬುದನ್ನೂ ನೋಡಬೇಕು.

ಹೆಚ್ಚು ಎಡವುವುದು ಗಾತ್ರದ ವಿಷಯದಲ್ಲಿ. ಒಂದೇ ಪುಟದಲ್ಲಿ ಅಳಿಲೂ ಹುಲಿಯೂ ಸಮನಾಗಿ ನಿಂತಿರುತ್ತವೆ. ಕೆಳಗೆ 'ನಿಜ ಗಾತ್ರದ 1/10' ಎಂದು ಬರೆದರೆ ಸಾಲದು. ಮರುಮುದ್ರಣದಲ್ಲಿ ಪುಟ ಕಿರಿದಾದರೆ ಆ ಮಾತೇ ಸುಳ್ಳಾಗುತ್ತದೆ. ಪ್ರತಿ ಚಿತ್ರದ ಪಕ್ಕ 10 ಸೆಂ.ಮೀ. ಅಥವಾ 1 ಮೀಟರ್ ಎಂದು ಗುರುತಿಸಿದ ಅಳತೆಗೆರೆ ಹಾಕಿದರೆ ಚಿತ್ರ ಕುಗ್ಗಿದಂತೆ ಗೆರೆಯೂ ಕುಗ್ಗುತ್ತದೆ, ಲೆಕ್ಕ ತಪ್ಪುವುದಿಲ್ಲ. ಅಳತೆ ಬಾಲ ಸೇರಿಸಿಯೋ ಬಿಟ್ಟೋ ಎಂಬುದನ್ನೂ ಹೇಳಬೇಕು. ಲಂಗೂರಿನ ಬಾಲ ಮೈಗಿಂತ ಉದ್ದ!

ಪ್ರಾಣಿಯ ಮುಖ ಪುಟದ ಒಳಕ್ಕಿರಲಿ ಎಂದು ವಿನ್ಯಾಸಕಾರರು ಚಿತ್ರವನ್ನು ಎಡಬಲ ತಿರುಗಿಸುವುದುಂಟು. ಹುಲಿಯ ಎರಡು ಪಕ್ಕೆಗಳ ಪಟ್ಟೆ ಒಂದೇ ತೆರನಲ್ಲ, ಹಾಗಾಗಿ ನಿರ್ದಿಷ್ಟ ಹುಲಿಯ ಚಿತ್ರವನ್ನು ತಿರುಗಿಸಿದರೆ ಅದು ಬೇರೆ ಹುಲಿಯೇ ಆಗುತ್ತದೆ. ನಾರ್ವಾಲ್ ತಿಮಿಂಗಿಲದ ಕೋರೆಹಲ್ಲಿನ ಎಡಸುತ್ತು ಬಲಸುತ್ತಾಗುತ್ತದೆ.

ಮುದ್ರಣದಲ್ಲಿ ಕೂದಲಿನ ಗೆರೆಗಳು ಕಪ್ಪೊಂದರಲ್ಲೇ ಇರಲಿ. ನಾಲ್ಕು ಬಣ್ಣ ಬೆರೆಸಿದ ಗೆರೆ, ಅಚ್ಚು ಚೂರು ಸರಿದರೂ ಮಸುಕಾಗುತ್ತದೆ. ಮಜೆಂಟಾ ಎಂಬ ಕೆನ್ನೇರಳೆ ಶಾಯಿ ತುಸು ಹೆಚ್ಚಾದರೆ ಕಡವೆಗೂ ಸೀಳುನಾಯಿಯ ಕೆಂಪು ಬರುತ್ತದೆ. ಕರಡುಪ್ರತಿಯನ್ನು ಮೂಲಚಿತ್ರದ ಪಕ್ಕ ಹಗಲು ಬೆಳಕಿನಲ್ಲಿಟ್ಟು ನೋಡಿಯೇ ಒಪ್ಪಿಗೆ ಕೊಡಬೇಕು. ಕಲಾವಿದರು ಜೀವಂತ ಪ್ರಾಣಿ ನೋಡಿ ಬರೆದರೋ, ಸಂಗ್ರಹಾಲಯದ ಚರ್ಮ ನೋಡಿಯೋ ಎಂದೂ ಪ್ರಕಾಶಕರು ನಮೂದಿಸಲಿ. ಹಳೆಯ ಚರ್ಮದ ಬಣ್ಣ ಬೆಳಕಿಗೆ ಮಾಸಿರುತ್ತದೆ, ತುಟಿ, ಮೂಗು ಒಣಗಿ ಸುರುಟಿರುತ್ತವೆ.

– ಒಬ್ಬ ಓದುಗ