ಜಪಾನಿನ ಮಾತು ಕನ್ನಡದಲ್ಲೇ ಆಗಲಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ರಾಜ್ಯದ ವಿಶ್ವವಿದ್ಯಾಲಯಗಳ ಸಹಕುಲಾಧಿಪತಿಗಳೂ ತಾವೇ ಆಗಿರುವುದರಿಂದ ಈ ಪತ್ರ ತಮಗೆ. ಜಪಾನಿನ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ಸಾರ್ವಜನಿಕ ಉಪನ್ಯಾಸಗಳನ್ನು ಕನ್ನಡದಲ್ಲಿ, ಊರಿನವರೂ ಬಂದು ಕೂರುವ ಹಾಗೆ ನಡೆಸಲು ವಿಶ್ವವಿದ್ಯಾಲಯಗಳಿಗೆ ಸೂಚಿಸಬೇಕೆಂದು ಕೋರುತ್ತೇವೆ.

ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನನ್ನು ನೋಡಿ ಬಂದವರು. ಅವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಇವತ್ತು ಬಿಡದಿಯ ಜಪಾನಿ ಕಾರು ಕಾರ್ಖಾನೆಯಲ್ಲಿ ದುಡಿಯುವವರಿಗೆ ‘ಕೈಜೆನ್’, ಅಂದರೆ ಕೆಲಸವನ್ನು ಚೂರು ಚೂರಾಗಿ ಸುಧಾರಿಸುತ್ತಲೇ ಹೋಗುವ ಪದ್ಧತಿ, ಗೊತ್ತು. ಆ ಪದ ಹುಟ್ಟಿದ ಸಮಾಜದ ಬಗ್ಗೆ ಅವರದೇ ನುಡಿಯಲ್ಲಿ ಹೇಳುವವರು ಬೇಕು.

ಇದಕ್ಕೆ ಕನ್ನಡ ಚೆನ್ನಾಗಿ ಒಗ್ಗುತ್ತದೆ. ಜಪಾನಿ ನುಡಿಯಲ್ಲಿ ಹ್ರಸ್ವ, ದೀರ್ಘ, ಒತ್ತು ಬದಲಾದರೆ ಅರ್ಥವೇ ಬದಲಾಗುತ್ತದೆ. ರೋಮನ್ ಲಿಪಿಯಲ್ಲಿ ಸಾಮಾನ್ಯವಾಗಿ ಕಳೆದುಹೋಗುವ ದೀರ್ಘ ನಮ್ಮಲ್ಲಿ ಸಲೀಸಾಗಿ ಉಳಿಯುತ್ತದೆ: ತೋಕ್ಯೋ, ಕ್ಯೋತೊ, ಓಸಕ, ಹೊಕ್ಕೈದೋ. ಅವರ ಅಕ್ಷರಮಾಲೆಯ ‘ಅ, ಕ, ಸ, ತ, ನ’ ಕ್ರಮಕ್ಕೂ ಬೌದ್ಧ ಭಿಕ್ಷುಗಳ ಸಂಸ್ಕೃತ ಅಧ್ಯಯನವೇ ಮೂಲ.

ಕೆಡುವುದು ಅನುವಾದದಲ್ಲಿ. ಜಪಾನಿನಿಂದ ಬಂದ ವಿದ್ವಾಂಸರು ಒಂದು ಗಂಟೆಯ ಉಪನ್ಯಾಸ ತಂದಿರುತ್ತಾರೆ. ವಾಕ್ಯ ವಾಕ್ಯಕ್ಕೂ ಕನ್ನಡ ಮಾಡಿದರೆ ಅದು ಎರಡು ಗಂಟೆ. ಅರ್ಧ ಸಭೆ ಎದ್ದು ಹೋಗುತ್ತದೆ. 90 ನಿಮಿಷದ ಸಭೆಯಲ್ಲಿ ಮೂಲ ಮಾತಿಗೆ 30, ಕನ್ನಡಕ್ಕೆ 30, ಪ್ರಶ್ನೆಗಳಿಗೆ 30 ನಿಮಿಷ ಎಂದು ಆಹ್ವಾನಪತ್ರದಲ್ಲೇ ತಿಳಿಸಬೇಕು. ಬರಹ ಮೂರು ವಾರ ಮೊದಲೇ ಅನುವಾದಕರ ಕೈಸೇರಬೇಕು. ಇಬ್ಬರೂ ಕೂತು ಮೂವತ್ತು ನಲವತ್ತು ಪದಗಳ ಪಟ್ಟಿ ಮಾಡಿಕೊಳ್ಳಬೇಕು. ‘ತೆನ್ನೋ’ (ಚಕ್ರವರ್ತಿ), ‘ಶೋಗುನ್’ (ಚಕ್ರವರ್ತಿಯ ಹೆಸರಿನಲ್ಲಿ ಆಳುತ್ತಿದ್ದ ಸೇನಾಧಿಪತಿ) ಎರಡಕ್ಕೂ ‘ದೊರೆ’ ಎಂದುಬಿಟ್ಟರೆ 1868ರಲ್ಲಿ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದೇ ತಿಳಿಯದು. ಇಸವಿಯಲ್ಲೂ ಎಡವಟ್ಟಾಗುತ್ತದೆ. ಜಪಾನಿನಲ್ಲಿ ವರ್ಷ ಎಣಿಸುವುದು ಚಕ್ರವರ್ತಿಯ ಆಳ್ವಿಕೆಯ ಹೆಸರಿನಲ್ಲಿ; 1868ರಲ್ಲಿ ಶುರುವಾದ ಮೇಜಿ ಕಾಲದ ವರ್ಷಕ್ಕೆ 1867 ಕೂಡಿಸಬೇಕು: ಮೇಜಿ 31 ಎಂದರೆ 1898. ಆದರೆ 1873ಕ್ಕೆ ಮುಂಚೆ ಅಲ್ಲಿ ನಡೆಯುತ್ತಿದ್ದುದು ಚಾಂದ್ರಮಾನ ಪಂಚಾಂಗ. ಹನ್ನೆರಡನೇ ತಿಂಗಳ ಘಟನೆ ಎಷ್ಟೋ ಸಲ ನಮ್ಮ ಲೆಕ್ಕದ ಮುಂದಿನ ಜನವರಿಗೆ ಬೀಳುತ್ತದೆ. ಅನುವಾದಕರಿಗೆ ಗೌರವಧನ ಕೊಡಲೇಬೇಕು, ಅದೂ ಭಾಷಣಕಾರರಷ್ಟೇ.

ವಿಷಯದ ಆಯ್ಕೆ ಸಕುರ ಹೂವು, ಕಿಮೊನೊ ಉಡುಪು, ಚಹಾದಲ್ಲೇ ನಿಲ್ಲದಿರಲಿ. ತೊಗಲು, ಸತ್ತ ದನದ ಕೆಲಸ ಮಾಡುವವರೆಂದು ದೂರವಿಟ್ಟಿದ್ದ ಜನರ ಕೀಳು ಸ್ಥಾನವನ್ನು ಅಲ್ಲಿನ ಸರ್ಕಾರ 1871ರಲ್ಲಿ ಕಾಗದದ ಮೇಲೆ ರದ್ದು ಮಾಡಿತು. ತಾರತಮ್ಯ ಹೋಗಲಿಲ್ಲ, 1922ರಲ್ಲಿ ಅವರೇ ಕ್ಯೋತೊದಲ್ಲಿ ಸುಯ್‌ಹೇಶ ಎಂಬ ಸಂಘಟನೆ ಕಟ್ಟಿಕೊಂಡರು. ಇದು ಕನ್ನಡದ ಕೇಳುಗರ ಎದೆಗೆ ನೇರ ತಾಕುವ ಇತಿಹಾಸ. ಕಾರ್ಖಾನೆ ಕಡಲಿಗೆ ಬಿಟ್ಟ ಪಾದರಸದಿಂದ ಮಿನಮತ ಎಂಬ ಊರಿನಲ್ಲಿ ಹಬ್ಬಿ, 1956ರಲ್ಲಿ ಅಧಿಕೃತವಾಗಿ ದಾಖಲಾದ ಕಾಯಿಲೆಯೂ ಹಾಗೆಯೇ.

ಕೆಲಸದ ದಿನ ಮಧ್ಯಾಹ್ನ ಮೂರಕ್ಕೆ ಇಟ್ಟರೆ ಹಾಜರಾತಿಗಾಗಿ ಬಂದ ವಿದ್ಯಾರ್ಥಿಗಳಷ್ಟೇ ಇರುತ್ತಾರೆ. ಭಾನುವಾರ ಬೆಳಿಗ್ಗೆ ಇಡಿಸಿ. ಸ್ವಾಗತ, ಹಾರ, ನೆನಪಿನ ಕಾಣಿಕೆ ಎಲ್ಲವೂ ಹತ್ತು ನಿಮಿಷದಲ್ಲಿ ಮುಗಿಯಲಿ.

ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ ಪ್ರಚಾರೋಪನ್ಯಾಸಗಳನ್ನು ಊರೂರಿಗೆ ಒಯ್ದು, ಪುಟ್ಟ ಪುಸ್ತಕಗಳಾಗಿ ಅಚ್ಚು ಹಾಕಿದ ದಾರಿ ನಮ್ಮಲ್ಲೇ ಇದೆ. ಜಪಾನ್ ಮಾಲೆಯ ಪ್ರತಿ ಉಪನ್ಯಾಸವೂ ಪದಪಟ್ಟಿಯ ಸಮೇತ ಹಾಗೆ ಅಚ್ಚಾಗಲಿ. ಮೊದಲನೆಯದನ್ನು ಬಿಡದಿಯಲ್ಲೇ ಏರ್ಪಡಿಸಿ.

ಇತಿ,
ಜಪಾನಿ ಭಾಷಾ ಬೋಧಕರು ಮತ್ತು ಅನುವಾದಕರು