ಕಾಲಚಕ್ರ ಕೊನೆಗೂ ತಿರುಗಿತು, ಎಲ್ಲರಿಗೂ ಥ್ಯಾಂಕ್ಸ್

ಮಹಾವೀರ ಜಯಂತಿಗೆ ನಮ್ಮ ಭಾನುವಾರದ ಪಾಠಶಾಲೆ ಮಕ್ಕಳು ಮಾಡಿದ ಕಾಲಚಕ್ರ (ಕಾಲ ಸುತ್ತುವ ಬಗೆಯನ್ನು ಜೈನರ ಲೆಕ್ಕದಲ್ಲಿ ತೋರಿಸುವ ಚಕ್ರ) ನೋಡೋಕೆ ತುಮಕೂರಿನ ಇಷ್ಟೊಂದು ಜನ ಬರುತ್ತೀರಿ ಅಂತ ಅಂದುಕೊಂಡಿರಲಿಲ್ಲ. "ಫ್ಲೆಕ್ಸ್ ಹೊಡಿಸಿಬಿಡಿ ಮೇಡಂ, ಸುಮ್ನೆ ಯಾಕೆ ಒದ್ದಾಟ" ಎಂದವರಿಗೂ ಥ್ಯಾಂಕ್ಸ್. ಆ ಮಾತಿಗೇ ಮಕ್ಕಳಿಗೆ ಹಟ ಬಂತು.

ಮೊದಲ ನಮಸ್ಕಾರ ಸೈಕಲ್ ಶಾಪ್ ಅಣ್ಣನಿಗೆ. ಹಳೇ ಸೈಕಲ್ಲಿನ ಹಬ್ ಬಿಚ್ಚಿ, ಗ್ರೀಸ್ ಹಚ್ಚಿ, ಪ್ಲೈವುಡ್ ನಡುವೆ ಕೂರಿಸಿಕೊಟ್ಟರು. ದುಡ್ಡು ಮುಟ್ಟಲಿಲ್ಲ. "ಹನ್ನೆರಡೇ ಕಡ್ಡಿನಾ?" ಅಂತ ನಕ್ಕರು. ಹೌದು, ಒಂದೊಂದು ಕಾಲಕ್ಕೆ ಒಂದೊಂದು ಕಡ್ಡಿ: ಸುಖ, ಆಯಸ್ಸು ಇಳಿಯುತ್ತಾ ಹೋಗುವ ಅವಸರ್ಪಿಣಿಗೆ ಆರು, ಅವು ಏರುತ್ತಾ ಹೋಗುವ ಉತ್ಸರ್ಪಿಣಿಗೆ ಆರು.

ಪೆನ್ಸಿಲ್ ಹಿಡಿದು ಕೂತಾಗಲೇ ನಿಜವಾದ ತಲೆನೋವು ಶುರು. ಮೊದಲ ಕಾಲ 4 ಕೋಟಾಕೋಟಿ (ಕೋಟಿ ಸಲ ಕೋಟಿ) ಸಾಗರೋಪಮ; ಒಂದು ಸಾಗರೋಪಮ ಅಂದರೇ ಎಣಿಸಲಾಗದಷ್ಟು ವರ್ಷ. ನಾವಿರುವ ಪಂಚಮಕಾಲ, ಅಂದರೆ ಐದನೇ ಕಾಲ, ಬರೀ 21,000 ವರ್ಷ. ಈ ಸಾಗರೋಪಮದ ಅಳತೆ ಶುರುವಾಗೋದೇ ಒಂದು ಗುಂಡಿಯಿಂದ: ಒಂದು ಯೋಜನ, ಅಂದರೆ ಹಲವು ಮೈಲಿ, ಅಗಲ-ಆಳದ ಗುಂಡಿಗೆ ಕುರಿಮರಿಯ ಕೂದಲ ಚೂರು ತುಂಬಿ, ನೂರು ವರ್ಷಕ್ಕೊಂದು ತೆಗೆಯುತ್ತಾ ಹೋಗುವ ಲೆಕ್ಕವನ್ನು ಬೋರ್ಡ್ ಮೇಲೆ ಬಿಡಿಸಿ ಹೇಳಿದವರು ನಮ್ಮ ಬೀದಿಯ ಲೆಕ್ಕದ ಮೇಷ್ಟ್ರು. "ಅಳತೆಗೆ ಸರಿಯಾಗಿ ಬರೆದರೆ ನಿಮ್ಮ ಪಂಚಮಕಾಲ ಕಣ್ಣಿಗೇ ಕಾಣಲ್ಲ ಕಣ್ರೋ" ಅಂದರು. ಹಾಗಾಗಿ ಹನ್ನೆರಡೂ ಭಾಗ ಸಮ ಮಾಡಿ, ವರ್ಷ ಪಕ್ಕದಲ್ಲಿ ಬರೆದೆವು. ನಮ್ಮ ಕಾಲದಲ್ಲಿ ಮುಗಿದಿರೋದು ಸುಮಾರು 2,550 ವರ್ಷ ಅಷ್ಟೇ!

ಮಕ್ಕಳನ್ನು ಮಂದರಗಿರಿ ಹತ್ತಿಸಿ, ಬಸದಿ ಮುಂದೆ ಕೂರಿಸಿ ಕಥೆ ಹೇಳಿದ ನಮ್ಮ ಅತ್ತೆಗೆ ಏನು ಹೇಳಲಿ? ಮೊದಲ ಕಾಲದವರಿಗೆ ಮೂರು ದಿನಕ್ಕೊಮ್ಮೆ ಎಲಚಿ ಹಣ್ಣಿನಷ್ಟು ಊಟ ಸಾಕಿತ್ತು ಅಂದಾಗ, ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದವನು ಹಾಗೇ ನಿಂತ. ಬೆಟ್ಟದ ಬುಡದ ಚಂದ್ರನಾಥ ಸ್ವಾಮಿ ಎಲ್ಲಿ ಬರ್ತಾರೆ ಅಂತ ಒಬ್ಬಳು ಕೇಳಿದಳು. ನಾಲ್ಕನೇ ಕಾಲದಲ್ಲಿ. ಆದಿನಾಥರೊಬ್ಬರು ಮೂರನೇ ಕಾಲದ ಕೊನೆಗೆ, ಉಳಿದ 23 ತೀರ್ಥಂಕರರೂ ನಾಲ್ಕರಲ್ಲೇ.

ಬರೀ ದುಃಖದ ಆರನೇ ಕಾಲಕ್ಕೆ ಕಪ್ಪು ಬಳಿಯೋದು ಅಂತ ಎಲ್ಲರೂ ಒಪ್ಪಿದರು. ಅದರಾಚೆ ಉತ್ಸರ್ಪಿಣಿ ಶುರುವಾಗೋದು ಮಳೆಯಿಂದ, ವಾರಗಟ್ಟಲೆ ಸುರಿಯುವ ಒಳ್ಳೇ ಮಳೆ. ಬರ ಕಂಡ ನಮ್ಮ ಸೀಮೆಯವರು ಅಲ್ಲೇ ಜಾಸ್ತಿ ಹೊತ್ತು ನಿಂತು ನೋಡಿದಿರಿ, ಅಲ್ವಾ? ಆ ನೀಲಿ ಬಣ್ಣ ಕೊಟ್ಟವರು ಬೋರ್ಡ್ ಬರೆಯುವ ಭಾಯ್, ಮನೆ ಕೆಲಸಕ್ಕೆ ಇಟ್ಟುಕೊಂಡಿದ್ದ ಡಬ್ಬಿಯಿಂದ.

ಚಕ್ರ ಈಗ ನಮ್ಮ ಮನೆ ಜಗಲಿಯಲ್ಲಿದೆ. ಯಾವ ಶಾಲೆಗಾದರೂ ಬೇಕಿದ್ದರೆ ಹೇಳಿ, ಕಳಿಸಿಕೊಡುತ್ತೇವೆ. ತಿರುಗಿಸೋಕೆ ಮಕ್ಕಳೂ ಜೊತೆಗೇ ಬರ್ತಾರಂತೆ.